ಹಿಟ್ಟಿನ ಗಂಟು

ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲ್ಹಲಗೆಯಲ್ಲಿ ಐದು ಡಬ್ಬಿಗಳು ಸಾಲಾಗಿ ಕೂತಿದ್ದವು. ಅಡುಗೆಮನೆಯಿಂದ ಹಾಲಿಗೆ ಪ್ಲೇಟು ಲೋಟ ಸಾಗಿಸುವಾಗಲೆಲ್ಲ ಕೇಕಮ್ಮನ ಕಣ್ಣು ತಪ್ಪದೆ ಅಲ್ಲಿಗೆ ಹೋಗಿ ಬರುತ್ತಿತ್ತು. ಒಂದು ನೀಲಿ. ಒಂದಕ್ಕೆ ಬೇರೆ ಯಾವುದೋ ಡಬ್ಬಿಯ ಮುಚ್ಚಳ. ಒಂದರ ಮೇಲಿನ ಆನೆಯ ಚಿತ್ರ ತಿಕ್ಕಿ ತಿಕ್ಕಿ ಸೊಂಡಿಲಷ್ಟೇ ಉಳಿದಿತ್ತು. ಬಂದ ನಾಲ್ಕು ಮಕ್ಕಳೂ, ಚಪ್ಪಲಿ ಮೆಟ್ಟಿಕೊಂಡು ಬಂದಷ್ಟೇ ಸಹಜವಾಗಿ, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಬಂದಿದ್ದವು. ಟೀಚರಮ್ಮ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯಿಂದಲೂ ಅದನ್ನು ಬಿಡಿಸಿಕೊಂಡು, ಇವತ್ತು ಇದು ಬೇಕಾಗಲ್ಲ ಕಂದ, ಇಲ್ಲೇ ಇರಲಿ, ಎಂದು ಹಲಗೆಯ ಮೇಲಿಟ್ಟಿದ್ದಳು. ಐದನೆಯ ಹಳದಿ ಡಬ್ಬಿ ಆಕೆಯ ಮಗಳದೇ. ತನ್ನದೇ ಮನೆ, ತನ್ನದೇ ಹುಟ್ಟುಹಬ್ಬ, ಆದರೂ ಉಳಿದವರದು ಇಟ್ಟ ಮೇಲೆ ಆ ಹುಡುಗಿ ಒಳಗೆ ಹೋಗಿ ತನ್ನದನ್ನೂ ತಂದು ಸಾಲಿನ ಕೊನೆಗೆ ಇಟ್ಟು, ಎಲ್ಲವೂ ಒಂದೇ ಗೆರೆಗೆ ಬರುವಂತೆ ಬೆರಳಿನಿಂದ ಸರಿಸಿದ್ದಳು. ಕೇಕಮ್ಮ ಅದನ್ನು ನೋಡಿದ್ದಳು. ನೋಡದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತ್ತು.

ಗೋಧಿ ಆಗದ ಮಕ್ಕಳು ಅವು. ಗೋಧಿಯ ಅಂಟಿನಲ್ಲಿರುವ ಗ್ಲುಟೆನ್ ಅನ್ನುವುದು ಹೊಟ್ಟೆಗೆ ಹೋದರೆ ಕರುಳಿನ ಒಳಗೋಡೆಯೇ ಸುಲಿದುಹೋಗುತ್ತದೆ ಎಂದು ಟೀಚರಮ್ಮ ಮೂರು ವಾರದ ಹಿಂದೆ ಕೇಕಮ್ಮನ ಮನೆಯ ಸ್ಟೂಲಿನ ಮೇಲೆ ಕೂತು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ್ದಳು. ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಪರಿಚಯವಾದ ಐದು ಮನೆಗಳು. ಐದು ಮಕ್ಕಳಲ್ಲಿ ಒಬ್ಬರಾದರೂ ಬೇರೆಯವರ ಮನೆಯಲ್ಲಿ ಕೈಚಾಚಿ ಒಂದು ತುಣುಕು ತಿಂದವರಲ್ಲ. ಎಲ್ಲರೂ ಕೇಕು ತಿನ್ನುವಾಗ ಇವರು ಮೂಲೆಯಲ್ಲಿ ಡಬ್ಬಿ ತೆಗೆಯುತ್ತಾರೆ. "ಅವತ್ತೊಂದು ದಿನ ಡಬ್ಬಿ ತೆಗೀಬಾರ್ದು. ಅಷ್ಟೇ ನಂಗೆ ಬೇಕಿರೋದು," ಎಂದಿದ್ದಳು ಟೀಚರಮ್ಮ. ಆಮೇಲೆ ಎದ್ದು, ತಪ್ಪು ತಿಳ್ಕೋಬೇಡಿ ಎನ್ನುತ್ತ, ಓವನ್ನಿನ ಮೇಲಿನ ಗೂಡಿನ ಅಂಚಿಗೆ ಬೆರಳು ಆಡಿಸಿ, ಬೆಳಕಿಗೆ ಹಿಡಿದು ನೋಡಿಕೊಂಡಿದ್ದಳು. ಬೆರಳ ತುದಿ ಬೆಳ್ಳಗಾಗಿತ್ತು. ಸೆರಗಿಗೂ ಒರೆಸಿಕೊಳ್ಳದೆ, ಆ ಬೆರಳನ್ನು ಮಿಕ್ಕ ಬೆರಳುಗಳಿಂದ ದೂರ ಹಿಡಿದುಕೊಂಡೇ ನಲ್ಲಿಯವರೆಗೆ ನಡೆದಿದ್ದಳು. ಮೂವತ್ತು ವರ್ಷ ಈ ಊರಿನ ಮಕ್ಕಳಿಗೆಲ್ಲ ಕೇಕು ಮಾಡಿ, ಇಟ್ಟ ಹೆಸರೇ ಮರೆತುಹೋಗುವಷ್ಟು ಕೇಕಮ್ಮನಾದವಳಿಗೆ, ಆ ದೂರ ಹಿಡಿದ ಬೆರಳು ಮೂರು ವಾರವೂ ಕಣ್ಣಿನಲ್ಲಿ ಉಳಿದುಕೊಂಡುಬಿಟ್ಟಿತ್ತು. ಆ ಬೆರಳಿಗೇ ಉತ್ತರ ಕೊಡುವವಳಂತೆ ಎರಡು ದಿನ ಬೇರೆ ಯಾವ ಆರ್ಡರನ್ನೂ ಹಿಡಿಯದೆ ಗೋಡೆ ಒರೆಸಿದಳು, ಬಲ್ಬು ಬಿಚ್ಚಿ ತೊಳೆದಳು, ಗೋಧಿ ಹಿಟ್ಟಿನ ಪೀಪಾಯಿಗಳನ್ನು ಹಿತ್ತಿಲ ಶೆಡ್ಡಿಗೆ ಉರುಳಿಸಿದಳು. ಟೀಚರಮ್ಮ ಬರೆದುಕೊಟ್ಟ ಪಟ್ಟಿಯಂತೆ ಹೊಸ ಜರಡಿ, ಹೊಸ ಮರದ ಚಮಚ, ಹೊಸ ಬ್ರಷ್ಷು, ಹೊಸ ಏಪ್ರನ್ನು. ಕೇಕಿನ ಅಚ್ಚಿಗೆ ಉದುರಿಸುವುದಕ್ಕೆಂದೇ ಒಂದು ಪುಟ್ಟ ಸ್ಟೀಲು ಡಬ್ಬಿಯಲ್ಲಿ ಅಕ್ಕಿ ಹಿಟ್ಟನ್ನು ಬೇರೆ ಎತ್ತಿಟ್ಟಳು. ಅದನ್ನು ಮಾತ್ರ ಪಟ್ಟಿಯಲ್ಲಿ ಇರದಿದ್ದರೂ ತಾನೇ ಯೋಚಿಸಿ ಮಾಡಿದ್ದು. ಅದರ ಬಗ್ಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಗಡಿಯಾರದಲ್ಲಿ ನಾಲ್ಕೂಕಾಲು. ಐದಕ್ಕೆ ಮೇಣದ ಬತ್ತಿ. ಕೇಕು ಟೀಚರಮ್ಮನ ಅಡುಗೆಮನೆಯ ಕಟ್ಟೆಯ ಮೇಲೆ, ಹಲಗೆಯ ಸಮೇತ, ಬಿಳಿ ಕ್ರೀಮು ಹೊದ್ದು ಸಿದ್ಧವಾಗಿ ಕೂತಿತ್ತು. ಮೇಲೆ ಹಸಿರು ಕ್ರೀಮಿನಲ್ಲಿ ಒಂದು ಆಮೆ. ಯಾಕೆ ಆಮೆ ಎಂದು ಕೇಳಿದ್ದಕ್ಕೆ ಹುಡುಗಿ, ಅದಕ್ಕೆ ಮನೆ ಜೊತೇಲೇ ಇರುತ್ತೆ, ಎಲ್ಲಿ ಹೋದ್ರೂ ಯೋಚನೆ ಇಲ್ಲ, ಎಂದಿದ್ದಳಂತೆ. ಕೊಯ್ಯುವ ಉದ್ದನೆಯ ಚಾಕು ತೆಗೆಯಲು ಕೇಕಮ್ಮ ತನ್ನ ಉಪಕರಣದ ಪೆಟ್ಟಿಗೆಯನ್ನು ತೆರೆದಳು. ಬಡಗಿಗಳು ಇಟ್ಟುಕೊಳ್ಳುವಂಥ ಕಬ್ಬಿಣದ ಪೆಟ್ಟಿಗೆ ಅದು. ಗಂಡ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ಯಾವುದೋ ಊರಿನ ಸಂತೆಯಲ್ಲಿ ಹಿಡಿದು ತಂದಿದ್ದು. ಚಾಕು ಮೇಲೆಯೇ ಇತ್ತು. ಅದರ ಪಕ್ಕದಲ್ಲಿ, ಕ್ರೀಮು ಸವರುವ ಅಲಗಿಗೂ ಹೊಸ ಬ್ರಷ್ಷಿಗೂ ನಡುವೆ, ದಿನವೂ ಇರುವ ಜಾಗದಲ್ಲೇ, ದಿನವೂ ಇರುವ ಹಾಗೆಯೇ, ಗಂಟು ಇತ್ತು.

ಮೊದಲು ಅವಳಿಗೆ ಏನೂ ಅನ್ನಿಸಲಿಲ್ಲ. ಚಾಕು ಕೈಗೆ ತೆಗೆದುಕೊಂಡಳು. ಪೆಟ್ಟಿಗೆ ಮುಚ್ಚಿದಳು. ಮುಚ್ಚಿದ ಮೇಲೆ, ಕತ್ತಲೆಯ ಕೋಣೆಯಲ್ಲಿ ಯಾರೋ ಕೂತಿದ್ದುದನ್ನು ದಾಟಿ ಬಂದ ಮೇಲೆ ನೆನಪಾಗುವ ಹಾಗೆ, ಬೆನ್ನು ತಣ್ಣಗಾಯಿತು. ಮತ್ತೆ ತೆರೆದಳು. ತೆಳು ಮಸ್ಲಿನ್ ಬಟ್ಟೆಯಲ್ಲಿ ಹಿಡಿಯಷ್ಟು ಹಿಟ್ಟು ಕಟ್ಟಿ ದಾರ ಬಿಗಿದ ಗಂಟು. ಅತ್ತೆಯದು. ಬೆಣ್ಣೆ ಸವರಿದ ಅಚ್ಚಿನ ಮೇಲೆ ಅದನ್ನು ಮೂರು ಸಲ ತಟ್ಟಬೇಕು, ಅಚ್ಚನ್ನು ಒಂದು ಸುತ್ತು ತಿರುಗಿಸಬೇಕು. ಬಟ್ಟೆಯ ಎಳೆಗಳ ಸಂದಿಯಿಂದ ಹಿಟ್ಟು ಮಂಜು ಇಳಿದ ಹಾಗೆ ಇಳಿದು ಸಮನಾಗಿ ಕೂರುತ್ತದೆ, ಕೇಕು ಅಂಟದೆ ಬಿಡುತ್ತದೆ. ಕೈಯಲ್ಲಿ ಉದುರಿಸೋರು ಬೇಕರಿಯೋರು, ಗಂಟಲ್ಲಿ ತಟ್ಟೋರು ನಾವು, ಎನ್ನುತ್ತಿದ್ದಳು ಅತ್ತೆ. ಬಟ್ಟೆ ಹರಿದಾಗ ಹೊಸ ಬಟ್ಟೆ ಸುತ್ತಿದ್ದುಂಟು. ಹಿಟ್ಟು ಇಳಿದಾಗ ಮೇಲಿನಿಂದ ತುಂಬಿದ್ದುಂಟು. ಖಾಲಿ ಮಾಡಿದ್ದು ಮಾತ್ರ ಎಂದೂ ಇಲ್ಲ. ತಳದಲ್ಲಿ ಈಗಲೂ ಅತ್ತೆಯ ಕಾಲದ ಹಿಟ್ಟು ಇದ್ದೀತು. ಎರಡು ದಿನ ಅವಳು ಮನೆಯಲ್ಲಿದ್ದ ಹಿಟ್ಟನ್ನೆಲ್ಲ ಹುಡುಕಿ ಹುಡುಕಿ ಹೊರಗೆ ಹಾಕಿದ್ದಳು. ಇದು ಹಿಟ್ಟು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಇದು ಬ್ರಷ್ಷಿನ ಹಾಗೆ, ಅಲಗಿನ ಹಾಗೆ, ಒಂದು ಉಪಕರಣ. ಟೀಚರಮ್ಮನ ಪಟ್ಟಿಯಲ್ಲೂ ಇದು ಇರಲಿಲ್ಲ. ಇಂಥದೊಂದು ವಸ್ತು ಲೋಕದಲ್ಲಿದೆ ಎಂದು ಆಕೆಗಾದರೂ ಹೇಗೆ ಗೊತ್ತಿರಬೇಕು.

ಬಳಸಿಲ್ಲ, ಸುಮ್ಮನೆ ಪೆಟ್ಟಿಗೆಯಲ್ಲಿ ಇತ್ತು ಅಷ್ಟೇ, ಎಂದುಕೊಂಡಳು. ಬೆಳಿಗ್ಗೆ ಹನ್ನೊಂದು ಗಂಟೆಯನ್ನು ಹಿಂದಕ್ಕೆ ಕರೆದಳು. ಅಚ್ಚು ಕಾಣಿಸಿತು, ಹೊಸದು, ಮಿರಮಿರ ಮಿಂಚುತ್ತಿತ್ತು. ಬೆಣ್ಣೆ ಸವರಿದ್ದು ಕಾಣಿಸಿತು. ಆಗ ಗಂಡ ಬಾಗಿಲಿಗೆ ಬಂದು ವ್ಯಾನಿನ ಟೈರಿನ ಬಗ್ಗೆ ಏನೋ ಕೇಳಿದ. ಅವಳು ಉತ್ತರ ಕೊಟ್ಟಳು. ಏನು ಉತ್ತರ ಕೊಟ್ಟಳು ಎಂಬುದೂ ನೆನಪಿತ್ತು, ಸಂಜೆ ವಾಪಸು ಬರುವಾಗ ಗಾಳಿ ತುಂಬಿಸ್ಕೊಂಡು ಬರೋಣ ಅಂತ. ಆಮೇಲೆ ಕಂಡದ್ದು ಓವನ್ನಿನ ಗಾಜಿನ ಹಿಂದೆ ಉಬ್ಬುತ್ತಿದ್ದ ಕೇಕು. ನಡುವೆ ಏನೂ ಇರಲಿಲ್ಲ. ಆ ಏನೂ ಇಲ್ಲದ ಜಾಗದಲ್ಲಿ ಕೈಗಳು ಮಾತ್ರ ಇದ್ದವು; ಆ ಕೈಗಳು ತಾವು ಮಾಡಿದ್ದನ್ನು ತಲೆಗೆ ವರದಿ ಮಾಡುವುದನ್ನು ಎಷ್ಟೋ ವರ್ಷಗಳ ಹಿಂದೆಯೇ ಬಿಟ್ಟಿದ್ದವು. ಪೆಟ್ಟಿಗೆಯ ಮೂಲೆಯಲ್ಲಿ ಅಕ್ಕಿ ಹಿಟ್ಟಿನ ಪುಟ್ಟ ಸ್ಟೀಲು ಡಬ್ಬಿ ಇತ್ತು. ಟೀಚರಮ್ಮನಿಗೆ ತೋರಿಸಬೇಕೆಂದು ತಂದದ್ದು. ಮುಚ್ಚಳ ತೆಗೆದಳು. ಹಿಟ್ಟು ಕಂಠಮಟ್ಟ ಇತ್ತು. ತುಂಬಿದ ದಿನ ಅಲಗಿನ ಬೆನ್ನಿನಿಂದ ಎಳೆದು ಸಮ ಮಾಡಿದ ಗೆರೆ ಹಾಗೆಯೇ, ಕಣವೂ ಕದಲದೆ ಉಳಿದಿತ್ತು. ಒಂದು ಚಿಟಿಕೆಯನ್ನೂ ಯಾರೂ ತೆಗೆದಿರಲಿಲ್ಲ.

ಆದರೂ ಅವಳು ಅಲಗನ್ನು ಕೇಕಿನ ಅಡಿಗೆ, ಗೋಡೆಯ ಕಡೆಯ ಮಗ್ಗುಲಲ್ಲಿ ನಾಜೂಕಾಗಿ ತೂರಿಸಿ, ಎಳೆದು, ಅಂಟಿಬಂದ ಒಣಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. ಅಕ್ಕಿ ಹಿಟ್ಟು ಸಣ್ಣ ಮರಳಿನ ಹಾಗೆ ಕಿರುಗುಡುತ್ತದೆ. ಇದು ಕಿರುಗುಡಲಿಲ್ಲ. ನುಣ್ಣಗೆ, ರೇಶಿಮೆಯ ಹಾಗೆ, ಮಗುವಿನ ಕಿವಿಯ ಹಾಲೆಯ ಹಾಗೆ ಜಾರಿತು. ಅವಳ ಅಪ್ಪ ಹಿಟ್ಟಿನ ಗಿರಣಿಯ ಮುಂದೆ ನಿಂತು, ಬಿಸಿ ಹಿಟ್ಟನ್ನು ಹೀಗೇ ಎರಡು ಬೆರಳಲ್ಲಿ ಉಜ್ಜಿ, ಇದು ಕೆರೆಕೆಳಗಿನ ಹೊಲದ್ದು, ಇದು ದಿಬ್ಬದ್ದು, ಎಂದು ಬೇರೆ ಬೇರೆ ಮಾಡುತ್ತಿದ್ದ. ಹುಬ್ಬು ಮೀಸೆಯೆಲ್ಲ ಬಿಳಿಯಾದ ಗಿರಣಿಯವನು, ನಿಮ್ಮ ಬೆರಳಿಗೆ ಕಣ್ಣಿದೆ ಗೌಡ್ರೆ, ಎಂದು ನಗುತ್ತಿದ್ದ. ಹಿಂದೆ ಮೂಟೆಯ ಮೇಲೆ ತಮ್ಮ ಕೂತಿರುತ್ತಿದ್ದ. ಗುಡಾಣದಂಥ ಹೊಟ್ಟೆ, ಕಡ್ಡಿಯಂಥ ಕಾಲು. ಉಂಡದ್ದು ಮೈಗೆ ಹತ್ತದ ಹುಡುಗ, ಸೋಮಾರಿ, ಹಟಮಾರಿ, ಎನ್ನುತ್ತಿದ್ದರು ಎಲ್ಲರೂ. ಬೆಳಿಗ್ಗೆ ಅವನಿಗೆ ಗೋಧಿ ಗಂಜಿ ಕುಡಿಸುವ ಕೆಲಸ ಹನ್ನೆರಡು ವರ್ಷದ ಅಕ್ಕನದು. ತೊಡೆಯ ಮೇಲೆ ಮಲಗಿಸಿಕೊಂಡು, ಮೂಗು ಒತ್ತಿಹಿಡಿದರೆ ಬಾಯಿ ತಾನಾಗಿ ತೆರೆಯುತ್ತಿತ್ತು. ಅವನು ಅಳುತ್ತಿರಲಿಲ್ಲ. ನುಂಗುತ್ತ ಅವಳ ಮುಖವನ್ನೇ ನೋಡುತ್ತಿದ್ದ. ಈಗ ಗಿಡ್ಡ ಮನುಷ್ಯ, ಗಡಿಯಾರ ರಿಪೇರಿ ಮಾಡುತ್ತಾನೆ, ಮದುವೆ ಮುಂಜಿಯಲ್ಲಿ ಸಿಕ್ಕಿದಾಗ, ಅಕ್ಕಾ ನಿನ್ನ ಕೈಯೂಟ ಅಂದ್ರೆ ನಂಗೆ ಈಗಲೂ ಹೆದರಿಕೆ ಕಣೇ, ಎಂದು ತಮಾಷೆ ಮಾಡುತ್ತಾನೆ. ಎಲ್ಲರೂ ನಗುತ್ತಾರೆ. ಅವಳೂ ನಕ್ಕಿದ್ದಳು. ಮೂರು ವಾರದ ಹಿಂದೆ ಟೀಚರಮ್ಮ, ಮೊದಮೊದಲು ಹೊಟ್ಟೆ ಉಬ್ಬಿಕೊಂಡು ಕೈಕಾಲು ಕಡ್ಡಿಯಾಗಿದ್ವು, ನಮಗೆ ಗೊತ್ತಾಗ್ಲೇ ಇಲ್ಲ, ಎಂದಾಗ ಕೇಕಮ್ಮ ಸ್ಟೂಲಿನ ಕಾಲನ್ನು ನೋಡುತ್ತ ಕೂತುಬಿಟ್ಟಿದ್ದಳು. ಆಮೇಲೆ ಯಾರಿಗೂ ಹೇಳಿರಲಿಲ್ಲ.

ಗಂಡ ಐಸಿನ ಡಬ್ಬ ಹೊತ್ತು ಒಳಗೆ ಬಂದ. ಅವಳ ಮುಖ ನೋಡಿ, ಗಂಟು ನೋಡಿ, ಕೇಕು ನೋಡಿ, ಮೂವತ್ತು ವರ್ಷ ಜೊತೆಗಿದ್ದವನಾದ್ದರಿಂದ ಕೇಳುವ ಅಗತ್ಯವೇ ಬೀಳಲಿಲ್ಲ. ಬಾಗಿಲನ್ನು ಹಿಮ್ಮಡಿಯಿಂದ ಮೆಲ್ಲನೆ ತಳ್ಳಿ ಮುಚ್ಚಿದ.

"ಎಷ್ಟು ಬಿದ್ದಿರುತ್ತೆ? ಒಂದ್ ಚಿಟಿಕೆ?"

"ಚಿಟಿಕೆ ಲೆಕ್ಕ ಇಲ್ಲ ರೀ. ಬ್ರೆಡ್ಡಿನ ಒಂದು ಪುಡಿ ಸಾಕಂತೆ."

ಅವನು ಕೆಳಗಿನದನ್ನು ಸುತ್ತಲೂ ಒಂದು ಬೆರಳಷ್ಟು ಕೆತ್ತಿಬಿಡಲು ಹೇಳಿದ. ಬದಿಗೂ ತಗುಲಿರುತ್ತದೆ, ಬದಿ ಕೆತ್ತಿದರೆ ಚಾಕು ಒಳಗೂ ಒಯ್ಯುತ್ತದೆ, ಮುಟ್ಟಿದ ಅಲಗೇ ಕ್ರೀಮಿಗೂ ಹೋಗಿದೆ, ಎಂದು ಅವಳು ಬೇರೆ ಯಾರದೋ ತಪ್ಪನ್ನು ವಿವರಿಸುವವಳಂತೆ ಒಂದೊಂದಾಗಿ ಹೇಳಿದಳು. ಅವನು ಐಸಿನ ಡಬ್ಬ ಕೆಳಗಿಡುವುದನ್ನೇ ಮರೆತು ನಿಂತಿದ್ದ. ತಣ್ಣೀರು ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬೀಳುತ್ತಿತ್ತು. ಬ್ರೇಕು ಹಿಡಿಯದ ಬಸ್ಸನ್ನು ಇಳಿಜಾರಿನಲ್ಲಿ ಇಳಿಸುವಾಗ ಹಿಂದೆ ಕೂತವರಿಗೆ ಹೇಳಬಾರದು, ಹೇಳಿದರೆ ಕಿರುಚಿಕೊಂಡೇ ಅರ್ಧ ಜನ ಸಾಯುತ್ತಾರೆ, ಎಂದು ಅವನು ಹಿಂದೊಮ್ಮೆ ಹೇಳಿದ್ದು ಅವಳಿಗೆ ನೆನಪಾಯಿತು. ಅವನಿಗೂ ಅದೇ ನೆನಪಾಗಿರಬೇಕು. "ನೀನು ಸುಮ್ನಿದ್ಬಿಡು," ಎಂದ ಕೊನೆಗೆ. "ಹೊಟ್ಟೆ ನೋವು ನೂರು ಕಾರಣಕ್ಕೆ ಬರುತ್ತೆ. ಹೇಳಿದ್ರೆ ಮಾತ್ರ ಅದು ನಿಂದು." ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. ಅವಳನ್ನು ಒಂದು ಏಟಿನಿಂದ ತಪ್ಪಿಸಬೇಕೆಂಬ ಆತುರವಷ್ಟೇ ಇತ್ತು. ಅದಕ್ಕೇ ಆ ಮಾತು ಬೆಚ್ಚಗೆ, ಹೊದಿಕೆಯ ಹಾಗೆ, ಅವಳ ಮೇಲೆ ಬಿತ್ತು. ಅವಳು ಅದರೊಳಗೆ ಸ್ವಲ್ಪ ಹೊತ್ತು ನಿಂತಳು. ಗಡಿಯಾರದಲ್ಲಿ ನಾಲ್ಕೂವರೆ.

ಹಾಲಿನಲ್ಲಿ ಮಕ್ಕಳು ಬಲೂನನ್ನು ನೆಲಕ್ಕೆ ಬೀಳಗೊಡದ ಆಟ ಆಡುತ್ತಿದ್ದವು. ನಾಲ್ವರು ಅಮ್ಮಂದಿರು ಸೋಫಾದಲ್ಲಿ, ಯಾರೂ ಪೂರ್ತಿ ಒರಗದೆ, ಬಸ್ಸಿಗೆ ಕಾದವರ ಹಾಗೆ ಅಂಚಿನಲ್ಲಿ ಕೂತಿದ್ದರು. ಅವರಿಗೆ ಬೇರೆಯವರ ಮನೆಯಲ್ಲಿ ಒರಗಿ ಕೂತು ಅಭ್ಯಾಸವಿಲ್ಲ ಎಂದು ಕೇಕಮ್ಮನಿಗೆ ತಿಳಿಯಿತು. ಆಲೂಗಡ್ಡೆ ಉಂಡೆಗಳ ತಟ್ಟೆ, ಹಣ್ಣಿನ ಬಟ್ಟಲುಗಳು, ಬೇಯಿಸಿದ ಜೋಳ ಮೇಜಿನ ಮೇಲೆ ಬಂದಾಗ ಒಬ್ಬಾಕೆ ಎದ್ದು, ತಟ್ಟೆಯ ಹತ್ತಿರ ಬಾಗಿ, ಮೂಸಿದಳೋ ನೋಡಿದಳೋ, ಆಮೇಲೆ ಟೀಚರಮ್ಮನ ಕಡೆ ತಿರುಗಿ ತಲೆಯಾಡಿಸಿದಳು. ಟೀಚರಮ್ಮನ ಮುಖದಲ್ಲಿ ಎಂಥ ಸಂತೋಷ ಬಂತೆಂದರೆ ಕೇಕಮ್ಮ ಬೇಗ ಒಳಗೆ ಬಂದುಬಿಟ್ಟಳು. ಮಧ್ಯಾಹ್ನದಿಂದ ಆಕೆ ಮೂರು ಸಲ ಅಡುಗೆಮನೆಗೆ ಬಂದು ಮೂರು ಸಲವೂ ಒಂದೇ ಪ್ರಶ್ನೆ ಕೇಳಿದ್ದಳು, ಎಲ್ಲಾ ನಾವು ಮಾತಾಡ್ಕೊಂಡ ಹಾಗೇ ತಾನೇ. ಮೂರು ಸಲವೂ ಕೇಕಮ್ಮ ಹೌದಮ್ಮ ಎಂದಿದ್ದಳು. ಮೂರನೆಯ ಸಲ ಸ್ವಲ್ಪ ಗಡುಸಾಗಿಯೇ ಅಂದಿದ್ದಳು. ಆಗ ಟೀಚರಮ್ಮ ನಾಚಿಕೊಂಡು, ಇನ್ನು ಕೇಳಲ್ಲ ಬಿಡಿ, ಎಂದಿದ್ದಳು. ನಾಲ್ಕನೆಯ ಸಲ ಕೇಳಲಿ ಎಂದು ಈಗ ಕೇಕಮ್ಮ ಕಾಯುತ್ತಿದ್ದಳು. ಕೇಳಿದರೆ ಹೇಳಿಬಿಡುವುದು ಸುಲಭ. ಟೀಚರಮ್ಮ ಎರಡು ಸಲ ಬಾಗಿಲಿನ ಮುಂದೆ ಹಾದುಹೋದಳು, ನಕ್ಕಳು, ಕೇಳಲಿಲ್ಲ.

ಬಂದದ್ದು ಅಜ್ಜಿ. ಟೀಚರಮ್ಮನ ಅತ್ತೆ. ಎಲುಬು ಎಣಿಸುವಂತಿದ್ದ ಮೊಮ್ಮಗಳನ್ನು ಗುಂಡಮ್ಮ ಎಂದು ಮೊದಲು ಕರೆದವಳು ಅವಳೇ. ಈಗ ಆ ಹೆಸರೇ ಮನೆಮಂದಿಗೆಲ್ಲ ರೂಢಿಯಾಗಿತ್ತು. ಅಜ್ಜಿ ನೀರಿಗೆಂದು ಬಂದವಳು ನೀರು ಕುಡಿಯದೆ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಳು. ಕೇಕನ್ನು ನೋಡಿ, ಮುದ್ದಾಗಿದೆ ಕಣಮ್ಮ ಆಮೆ, ಎಂದಳು. ಆಮೇಲೆ, ಕೇಳುವವರಿಗಿಂತ ಹೆಚ್ಚಾಗಿ ಲೋಟಕ್ಕೆ ಹೇಳುವ ಹಾಗೆ, ತಾನೂ ಮೊದಲು ಇದನ್ನೆಲ್ಲ ನಂಬಿರಲಿಲ್ಲ ಎಂದಳು. ಗೋಧಿ ತಿನ್ನದೆ ಯಾರಾದರೂ ದೊಡ್ಡವರಾಗುತ್ತಾರೆಯೇ, ಡಾಕ್ಟರಿಗೆ ಬೇರೆ ಕೆಲಸವಿಲ್ಲ, ಎಂದು ಸೊಸೆಯನ್ನು ಆಡಿಕೊಂಡದ್ದುಂಟು. ಹೋದ ವರ್ಷ ಒಂದು ಮಧ್ಯಾಹ್ನ ಸೊಸೆ ಶಾಲೆಗೆ ಹೋಗಿದ್ದಾಗ ಚಹಾದ ಜೊತೆ ತಾನು ತಿನ್ನುತ್ತಿದ್ದ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಮಗುವಿನ ಬಾಯಿಗೆ ಇಟ್ಟಿದ್ದಳು.

"ಅದು ನನ್ನ ಮುಖ ನೋಡ್ತು. ಇದು ತಿನ್ನಬಹುದಾ ಅಜ್ಜಿ ಅಂತು. ಹೂಂ ಅಂದೆ. ನಾಲ್ಕು ದಿನ ಆಸ್ಪತ್ರೇಲಿತ್ತು ಕಣಮ್ಮ. ಅಮ್ಮನಿಗೆ ಅದೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸೊಸೆಗೆ ಇವತ್ತಿಗೂ ಗೊತ್ತಿಲ್ಲ." ಲೋಟವನ್ನು ಹಾಗೆಯೇ ಕಟ್ಟೆಯ ಮೇಲಿಟ್ಟಳು. "ಆಮೇಲಿಂದ ನನ್ನ ಕೈಯಿಂದ ನೀರು ಕೊಟ್ರೂ ತಗೊಳ್ಳಲ್ಲ. ಬೈಯಲ್ಲ, ಏನಿಲ್ಲ. ನನಗೆ ಬಾಯಾರಿಕೆ ಇಲ್ಲ ಅಜ್ಜಿ ಅನ್ನುತ್ತೆ, ಅಷ್ಟೇ."

ಅಪರಿಚಿತಳಾದ್ದರಿಂದಲೇ ತನಗೆ ಇದನ್ನು ಹೇಳಿದಳು, ಸಂಜೆ ಪೆಟ್ಟಿಗೆ ಎತ್ತಿಕೊಂಡು ಹೋಗುವವಳು ಅಂತ ಹೇಳಿದಳು, ಎಂದು ಕೇಕಮ್ಮನಿಗೆ ಗೊತ್ತಾಯಿತು. ಹೊರಗಿನಿಂದ ಯಾರೋ ಅಜ್ಜಿಯನ್ನು ಕರೆದರು. ಅಜ್ಜಿ ಹೋಗುವಾಗ, ನೀನು ಮಾಡಿದ್ದನ್ನಾದರೂ ಅದು ಹೊಟ್ಟೆ ತುಂಬ ತಿನ್ನಲಿ, ಎಂದು ಹೇಳಿ ಹೋದಳು.

ಐದಕ್ಕೆ ಕಾಲು ಗಂಟೆ ಇತ್ತು, ಹತ್ತು ನಿಮಿಷ ಆಯಿತು, ಐದಾಯಿತು. ಕೇಕಮ್ಮ ಬಾಗಿಲವರೆಗೆ ಎರಡು ಸಲ ಹೋದಳು. ಮೊದಲ ಸಲ ಟೀಚರಮ್ಮ ಫೋಟೊ ತೆಗೆಯುತ್ತಿದ್ದಳು. ಎರಡನೆಯ ಸಲ ಆಕೆ ಸೋಫಾದ ಅಂಚಿನಲ್ಲಿ ಕೂತ ಅಮ್ಮನೊಬ್ಬಳ ಹೆಗಲ ಮೇಲೆ ಕೈಯಿಟ್ಟು, ಬಾಯಿ ತುಂಬ ಏನೋ ಹೇಳಿ ನಗುತ್ತಿದ್ದಳು. ಆ ಅಮ್ಮ ಹಿಂದಕ್ಕೆ ಒರಗಿ ಕೂತಿದ್ದಳು. ಆ ಒರಗಿದ ಬೆನ್ನನ್ನು ನೋಡಿ ಕೇಕಮ್ಮ ವಾಪಸು ಬಂದಳು. ಅಷ್ಟರಲ್ಲಿ ಕಿಟಕಿಯ ಪರದೆ ಎಳೆದರು, ಮಕ್ಕಳು ಮೇಜಿನ ಸುತ್ತ ಗುಂಪಾದವು, ತರ್ತೀರಾ ಕೇಕಮ್ಮೋರೆ, ಎಂದು ಟೀಚರಮ್ಮನ ದನಿ ಬಂತು. ಗಂಡ ಮೇಣದ ಬತ್ತಿ ಹಚ್ಚಿದ. ಎಂಟು. ಹಲಗೆಯ ಒಂದು ತುದಿ ಅವನು ಹಿಡಿದ, ಒಂದು ತುದಿ ಅವಳು.

ಬೀಳಿಸಿಬಿಡಬಹುದು ಎಂದು ಹೊಳೆದದ್ದು ಬಾಗಿಲು ದಾಟುವಾಗ. ಅಷ್ಟು ಸರಳವಾದದ್ದು ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ಎಂದು ಆಶ್ಚರ್ಯವೂ ಆಯಿತು. ನೆಲಹಾಸಿನ ಅಂಚು ಅಲ್ಲೇ ಇತ್ತು, ಕಾಲು ತಗುಲುವಷ್ಟು ಎದ್ದಿತ್ತು. ವಯಸ್ಸಾಯಿತು ಪಾಪ, ಎಂದಾರು. ಕೈತಪ್ಪಿದವಳು ಎಂಬ ಹೆಸರಿನಲ್ಲಿ ಮನುಷ್ಯ ಬದುಕಬಹುದು. ಮಕ್ಕಳು ಅಳುತ್ತವೆ, ಆಲೂಗಡ್ಡೆ ತಿನ್ನುತ್ತವೆ, ಡಬ್ಬಿ ತೆಗೆಯುವುದೇನೂ ಬೇಕಾಗುವುದಿಲ್ಲ. ಯಾರ ಹೊಟ್ಟೆಗೂ ಏನೂ ಆಗುವುದಿಲ್ಲ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವಳ ಬೆರಳುಗಳು ಹಲಗೆಯ ಅಡಿಯಲ್ಲಿ ಸಡಿಲವಾದವು. ಹಲಗೆ ಒಂದಿಷ್ಟು ವಾಲಿತು, ಬತ್ತಿಗಳ ಜ್ವಾಲೆ ಒಂದೇ ಕಡೆಗೆ ಬಾಗಿತು. ಎದುರಿನಿಂದ ಗಂಡ ಅವಳನ್ನೇ ನೋಡುತ್ತಿದ್ದ. ಏನು ಮಾಡುತ್ತಿದ್ದಾಳೆಂದು ಅವನಿಗೆ ಗೊತ್ತಾಗಿತ್ತು, ತನ್ನ ತುದಿಯನ್ನೂ ಸಡಿಲಿಸಲು ಅವನು ತಯಾರಾಗಿದ್ದ. ಆ ತಯಾರಿ ಅವನ ಮಣಿಕಟ್ಟಿನಲ್ಲಿ ಕಾಣುತ್ತಿತ್ತು. ಹಾಡು ಶುರುವಾಗಿತ್ತು. ಅವನ ಭುಜದಾಚೆ, ಬತ್ತಿಯ ಬೆಳಕಿನಲ್ಲಿ, ಗುಂಡಮ್ಮನ ಮುಖ ಕಂಡಿತು. ಎಲ್ಲ ಮಕ್ಕಳೂ ಕೇಕು ನೋಡುತ್ತಿದ್ದವು. ಅವಳೊಬ್ಬಳು ಕೇಕು ನೋಡುತ್ತಿರಲಿಲ್ಲ. ತಂದವಳ ಮುಖ ನೋಡುತ್ತಿದ್ದಳು, ತಾಳ್ಮೆಯಿಂದ, ತೊಡೆಯ ಮೇಲೆ ಮಲಗಿ ಗಂಜಿ ನುಂಗುವವರು ನೋಡುವ ಹಾಗೆ.

ಕೇಕಮ್ಮ ಹಲಗೆಯನ್ನು ಗಟ್ಟಿಯಾಗಿ ಹಿಡಿದು, ನಾಲ್ಕು ಹೆಜ್ಜೆ ನಡೆದು, ಮೇಜಿನ ಮೇಲೆ ಇಟ್ಟಳು. ಹಾಡು ಮುಗಿಯುವವರೆಗೆ ನಿಂತಳು. ಟೀಚರಮ್ಮ ಮಗಳ ಕೈಗೆ ಚಾಕು ಕೊಡುವಾಗ ಕೇಕಮ್ಮ ಆ ಚಾಕುವಿನ ಮೇಲೆ ತನ್ನ ಕೈಯಿಟ್ಟಳು.

"ಇದನ್ನ ತಿನ್ಬೇಡಿ," ಎಂದಳು. ದನಿ ಬೇರೆ ಯಾರದೋ ಥರ ಇತ್ತು. "ಅಚ್ಚಿಗೆ ಗೋಧಿ ಹಿಟ್ಟು ಮುಟ್ಟಿದೆ. ನನ್ನ ಕೈಯಿಂದಲೇ. ಬೇರೆ ಯಾವುದಕ್ಕೂ ಮುಟ್ಟಿಲ್ಲ, ಆಲೂಗಡ್ಡೆಗಿಲ್ಲ, ಜೋಳಕ್ಕಿಲ್ಲ. ಕೇಕಿಗೆ ಮುಟ್ಟಿದೆ."

ಟೀಚರಮ್ಮನ ಮುಖದಲ್ಲಿ ನಗು ಇನ್ನೂ ಇತ್ತು. ಅದಕ್ಕೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಸೋಫಾದಲ್ಲಿ ಒರಗಿದ್ದ ಅಮ್ಮ ನೆಟ್ಟಗೆ ಕೂತಳು. ಕೂಗಾಡುತ್ತಾರೆ ಎಂದು ಕೇಕಮ್ಮ ಕಾದಳು, ಕೂಗಾಡಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಟೀಚರಮ್ಮ ಕೂಗಾಡಲಿಲ್ಲ. ಮಕ್ಕಳ ಉತ್ತರ ತಪ್ಪಾದಾಗ ಎಲ್ಲಿ ತಪ್ಪಾಯಿತೆಂದು ಹುಡುಕುವ ಹಾಗೆ, ತಗ್ಗಿದ ದನಿಯಲ್ಲಿ, ಒಂದೇ ಒಂದು ಮಾತು ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು?"

ಈಗ ತಾನೇ, ಎಂದು ನಾಲಿಗೆಯ ತುದಿಗೆ ಬಂತು. ಗಂಡ ಅದನ್ನೇ ಹೇಳಲು ಬಾಯಿ ತೆರೆದದ್ದು ಕಾಣಿಸಿತು.

"ನಾಲ್ಕೂಕಾಲಿಗೆ," ಎಂದಳು.

ಎಲ್ಲರೂ ಗಡಿಯಾರ ನೋಡಿದರು. ಅದು ಐದು ದಾಟಿ ನಾಲ್ಕು ನಿಮಿಷ ತೋರಿಸುತ್ತಿತ್ತು. ಹಿಟ್ಟು ಮುಟ್ಟಿಸಿದ್ದಕ್ಕೆ ಬಾರದ ಅವಮಾನ ಆ ನಲವತ್ತೊಂಬತ್ತು ನಿಮಿಷಕ್ಕೆ ಬಂತು. ಕಿವಿಯ ಹಿಂದೆ ಬಿಸಿಯಾಗಿ ಬಂದು ಕುತ್ತಿಗೆಗೆ ಇಳಿಯಿತು. ಟೀಚರಮ್ಮ ನಿಧಾನವಾಗಿ ಕೇಕಮ್ಮನ ಕೈಯನ್ನು ಚಾಕುವಿನ ಮೇಲಿಂದ ತೆಗೆದಿಟ್ಟಳು, ಒರಟಾಗಿ ಅಲ್ಲ, ಒಂದು ವಸ್ತುವನ್ನು ತೆಗೆದಿಡುವ ಹಾಗೆ. ಹಾಗೆ ಮುಟ್ಟಿದ ತನ್ನ ಬೆರಳುಗಳನ್ನು ಮಿಕ್ಕ ಬೆರಳುಗಳಿಂದ ದೂರ ಹಿಡಿದುಕೊಂಡಳು. ಗೋಡೆಗೆ ಒತ್ತಿ ನಿಂತಿದ್ದ ಅಜ್ಜಿ ಕೇಕಮ್ಮನನ್ನು ನೋಡುತ್ತಿದ್ದಳು. ಅವಳ ಕಣ್ಣಿನಲ್ಲಿ ಇದ್ದದ್ದು ಸಿಟ್ಟಲ್ಲ.

"ಅಮ್ಮ," ಎಂದಳು ಗುಂಡಮ್ಮ. "ಊದಬಹುದಾ? ಊದಿದ್ರೆ ಏನಾಗಲ್ಲ ಅಲ್ವಾ?"

ಬತ್ತಿಗಳು ಕರಗಿ ಆಮೆಯ ಬೆನ್ನಿನ ಮೇಲೆ ಇಳಿಯುತ್ತಿದ್ದವು. ಟೀಚರಮ್ಮ ತಲೆಯಾಡಿಸಿದಳು. ಹುಡುಗಿ ಬಗ್ಗಿ, ಕೇಕಿಗೆ ಮುಖ ತಾಗದಷ್ಟು ದೂರದಿಂದ, ಒಂದೇ ಉಸಿರಿಗೆ ಎಂಟನ್ನೂ ಊದಿದಳು. ಯಾರೋ ಒಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಆಮೇಲೆ ಯಾರೂ ಹೇಳದೆಯೇ, ಬಲೂನು ಹಿಡಿದಿದ್ದವನು ಬಲೂನು ಬಿಟ್ಟು, ಆ ನಾಲ್ಕು ಮಕ್ಕಳೂ ಬಾಗಿಲ ಕಡೆಗೆ ನಡೆದವು. ಓಡಲಿಲ್ಲ, ಗಲಾಟೆ ಮಾಡಲಿಲ್ಲ. ಶಾಲೆ ಬಿಟ್ಟ ಮೇಲೆ ಚಪ್ಪಲಿ ಹುಡುಕುವಷ್ಟೇ ಸಹಜವಾಗಿ, ಯಾರದು ಯಾವುದೆಂದು ಒಂದು ಕ್ಷಣವೂ ಗೊಂದಲವಾಗದೆ, ಹಲಗೆಯಿಂದ ಒಂದೊಂದೇ ಡಬ್ಬಿ ಎತ್ತಿಕೊಂಡವು. ಮುಚ್ಚಳ ತೆರೆಯುವ ಸಣ್ಣ ಸಣ್ಣ ಸದ್ದು ಹಾಲಿನ ಮೂಲೆ ಮೂಲೆಯಿಂದ ಬಂತು. ಆಲೂಗಡ್ಡೆ ಉಂಡೆಗಳನ್ನು ಯಾರೂ ಮುಟ್ಟಲಿಲ್ಲ.

ಅಡುಗೆಮನೆಯಲ್ಲಿ ಗಂಡ ಸಾಮಾನು ಕಟ್ಟುತ್ತಿದ್ದ. ಅವಳು ಪೆಟ್ಟಿಗೆ ಜೋಡಿಸಿದಳು. ಅಲಗು, ಬ್ರಷ್ಷು, ಕಂಠಮಟ್ಟ ಅಕ್ಕಿ ಹಿಟ್ಟಿನ ಡಬ್ಬಿ. ಗಂಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಈ ಮನೆಯ ಕಸದ ಬುಟ್ಟಿಗೆ ಹಾಕುವ ಹಾಗೂ ಇರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಇನ್ನೊಂದು ಚೀಲದಲ್ಲಿ ಸುತ್ತಿ, ಗಂಡನ ಕೈಗೆ ಕೊಟ್ಟಳು. ಅವನು ಅತ್ತ ಇತ್ತ ನೋಡಿ, ಅವ್ವನದ್ದು ಕಣೆ, ಎಂದಷ್ಟೇ ಹೇಳಿ, ಅದನ್ನು ತೆಗೆದುಕೊಂಡು ವ್ಯಾನಿನ ಕಡೆ ಹೋದ.

ಹಿಂದೆ ಸದ್ದಾಯಿತು. ಗುಂಡಮ್ಮ ಬಾಗಿಲಲ್ಲಿ ನಿಂತಿದ್ದಳು, ಹಳದಿ ಡಬ್ಬಿ ಎದೆಗೆ ಅವಚಿಕೊಂಡು. ಮುಚ್ಚಳ ತೆಗೆದಿತ್ತು. ಒಳಗೆ ಅಮ್ಮ ಮಾಡಿದ ಎರಡು ಪುಟ್ಟ ಬೆಲ್ಲದ ಬಿಲ್ಲೆ, ಒಂದು ತುದಿ ಕಚ್ಚಿದ ಬಾಳೆಹಣ್ಣು. ಹುಡುಗಿ ಒಳಗೆ ಬಂದು, ಇಷ್ಟು ಹೊತ್ತೂ ನೋಡಿದ ಹಾಗೆಯೇ ಮುಖ ನೋಡಿದಳು. ಕೇಕಮ್ಮ ಮುಖವನ್ನು ಎಲ್ಲಿ ಇಟ್ಟುಕೊಳ್ಳುವುದು ಎಂದು ತಿಳಿಯದೆ ಹಾಗೆಯೇ ಬಿಟ್ಟಳು.

"ಒಂದು ತಗೊಳ್ಳಿ," ಎಂದಳು ಗುಂಡಮ್ಮ, ಡಬ್ಬಿಯನ್ನು ಮುಂದೆ ಚಾಚಿ. ಕೇಕಮ್ಮ ಕೈ ಎತ್ತಿದ ಕೂಡಲೇ ಡಬ್ಬಿ ಹಿಂದಕ್ಕೆ ಹೋಯಿತು. "ಹಾಗಲ್ಲ. ಕೈ ತೊಳ್ಕೊಂಡು ಬನ್ನಿ. ಇದರಲ್ಲಿ ಹಾಗೇ ಕೈ ಹಾಕಬಾರ್ದು. ಇಪ್ಪತ್ತು ಎಣಿಸೋವರೆಗೂ ತೊಳೀಬೇಕು."

ಕೇಕಮ್ಮ ಸಿಂಕಿನ ಮುಂದೆ ನಿಂತು ನಲ್ಲಿ ತಿರುಗಿಸಿದಳು. ಸೋಪು ತೆಗೆದುಕೊಂಡಳು. ಹುಡುಗಿ ಪಕ್ಕದಲ್ಲೇ, ತುದಿಗಾಲಲ್ಲಿ, ಸಿಂಕಿನ ಅಂಚಿನಿಂದ ಇಣುಕಿ ನೋಡುತ್ತ ಎಣಿಸತೊಡಗಿದಳು. ಒಂದು, ಎರಡು, ಮೂರು. ಅಂಗೈ ಆಯಿತು, ಮೇಲ್ಗೈ ಆಯಿತು. ಬೆರಳ ಸಂದಿ, ಎಂದಳು ನಡುವೆ, ಉಗುರು ಸಹ. ನೀರು ಬೆಳ್ಳಗೆ ನೊರೆಯಾಗಿ ಹೋಗಿ, ತಿಳಿಯಾಗಿ ಹೋಗತೊಡಗಿತು. ಕೇಕಮ್ಮ ತನ್ನ ಕೈಗಳನ್ನು ನೋಡಿದಳು, ಯಾವತ್ತೂ ನೋಡಿರದ ಹಾಗೆ, ಅವು ಈಗ ಏನು ಮಾಡುತ್ತಿವೆ ಎಂಬುದನ್ನು ಒಂದೊಂದಾಗಿ ತಿಳಿದುಕೊಳ್ಳುತ್ತ. ಇಪ್ಪತ್ತು, ಎಂದಳು ಗುಂಡಮ್ಮ. ಬೆರಳುಗಳನ್ನು ಹತ್ತಿರದಿಂದ ಪರೀಕ್ಷಿಸಿದಳು. ಆಮೇಲೆ ಡಬ್ಬಿಯನ್ನು ಇನ್ನೂ ಹಾಗೆಯೇ ತೆರೆದು ಹಿಡಿದುಕೊಂಡು, ಇನ್ನೊಂದ್ಸಲ, ಎಂದು ಮತ್ತೆ ಒಂದರಿಂದ ಶುರುಮಾಡಿದಳು.